ಚಕ್ಕಡಿ ದಾರಿಯಲ್ಲಿ ಟ್ರ್ಯಾಕ್ಟರ್ ಹೋಗಬಹುದೇ? 1882ರ ಕಾಯ್ದೆ ಮತ್ತು ಇಂದಿನ ಹೊಲ

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಡಾಂಬರು ರಸ್ತೆಯಿಂದ ನಮ್ಮ ನಾಲ್ಕು ಎಕರೆ ಹೊಲ ಮುಟ್ಟಬೇಕಾದರೆ ನಡುವೆ ಇರುವ ಬೇರೊಬ್ಬರ ಹೊಲದ ಬದುವಿಗುಂಟ ಹೋಗಬೇಕು. ಅಜ್ಜನ ಕಾಲದಿಂದ ನಮ್ಮ ಚಕ್ಕಡಿ ಅಲ್ಲಿಯೇ ಓಡಾಡಿದೆ, ಸುಮಾರು ಹದಿನೈದು ವರ್ಷಗಳಿಂದ ಟ್ರ್ಯಾಕ್ಟರ್ ಓಡಾಡುತ್ತಿದೆ. ಆ ಹೊಲವನ್ನು ಹೊಸದಾಗಿ ಕೊಂಡವರು ಅಡಿಕೆ ಸಸಿ ಹಚ್ಚಿ, ಕಳೆದ ಸುಗ್ಗಿಯ ನಂತರ ತಂತಿ ಬೇಲಿ ಹಾಕಿ ಚಿಕ್ಕ ಗೇಟು ಮಾತ್ರ ಬಿಟ್ಟಿದ್ದಾರೆ. ನಡೆದು ಹೋಗಲು ಅಡ್ಡಿಯಿಲ್ಲ, ಚಕ್ಕಡಿ ತಂದರೆ ಬೇಲಿ ಬಿಚ್ಚಿಕೊಡುತ್ತೇವೆ, ಆದರೆ 1882ರ ಕಾಯ್ದೆಯ ಪ್ರಕಾರ ಟ್ರ್ಯಾಕ್ಟರಿಗೆ ಹಕ್ಕಿಲ್ಲ ಎನ್ನುತ್ತಾರೆ. ಊರಿನಲ್ಲಿ ಈಗ ಎತ್ತುಗಳೇ ಇಲ್ಲದಂತಾಗಿದೆ. ಟ್ರ್ಯಾಕ್ಟರ್ ಹುಟ್ಟುವ ಮೊದಲೇ ಬರೆದ ಕಾನೂನಿನಿಂದ ಇಂದಿನ ಒಕ್ಕಲುತನದ ತಂಟೆ ಬಗೆಹರಿಯುವುದು ಹೇಗೆ? ಅದನ್ನು ರದ್ದುಪಡಿಸಿ ಹೊಸದನ್ನು ಬರೆಯಬಾರದೇ? ನಾನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದೇನೆ. ಹೊಲ ನೋಡಿಕೊಳ್ಳುವವರು 76 ವರ್ಷದ ನಮ್ಮ ತಂದೆ.

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ ಕೊಟ್ಟು, ಆಮೇಲೆ ಕಾರಣಗಳಿಗೆ ಬರುತ್ತೇನೆ. ಆ ಬದುವಿನ ಮೇಲಿದ್ದದ್ದು ಕಾಲುದಾರಿಯಲ್ಲ, ಚಕ್ಕಡಿ ದಾರಿ ಎಂಬುದನ್ನು ನೀವು ಸಾಕ್ಷ್ಯದಿಂದ ತೋರಿಸಬಲ್ಲಿರಾದರೆ, ಅದೇ ಜಾಡಿನಲ್ಲಿ, ಅದೇ ಅಗಲದೊಳಗೆ, ಅದೇ ಹೊಲದ ಬೇಸಾಯಕ್ಕಾಗಿ ಟ್ರ್ಯಾಕ್ಟರ್ ಒಯ್ಯುವ ಹಕ್ಕು ನಿಮಗಿದೆ ಎಂದು ವಾದಿಸಲು 1882ರ ಭಾರತೀಯ ಈಸ್‌ಮೆಂಟ್ (ಇನ್ನೊಬ್ಬರ ಜಮೀನನ್ನು ಬಳಸುವ ಹಕ್ಕಿನ) ಕಾಯ್ದೆಯಲ್ಲಿಯೇ ಗಟ್ಟಿಯಾದ ನೆಲೆಯಿದೆ. ನೆರೆಯವರು ಯಾವ ಕಲಮನ್ನು ನಿಮ್ಮ ವಿರುದ್ಧ ಹಿಡಿದಿದ್ದಾರೋ ಅದೇ ಕಲಮನ್ನು ಪೂರ್ತಿ ಓದಿದರೆ ಅದು ನಿಮ್ಮ ನೆರವಿಗೆ ಬರುತ್ತದೆ. ಆದರೆ ಹಕ್ಕು ಇರುವುದು ಬೇರೆ, ಅದನ್ನು ನ್ಯಾಯಾಲಯದಲ್ಲಿ ಸಿದ್ಧಪಡಿಸುವುದು ಬೇರೆ. ಇಂಥ ದಾವೆಗಳು ಸೋಲುವುದು ಕಾನೂನು ಹಳೆಯದೆಂಬ ಕಾರಣಕ್ಕಿಂತ ಹೆಚ್ಚಾಗಿ, ವಾದಪತ್ರವನ್ನು ಸಡಿಲವಾಗಿ ಬರೆದ ಕಾರಣಕ್ಕೆ ಮತ್ತು ಸಮಯ ಮೀರಿದ ಕಾರಣಕ್ಕೆ.

ಈ ಕಾಯ್ದೆ 1882ರ ಜುಲೈ 1ರಂದು ಜಾರಿಗೆ ಬಂದಾಗ ಮದ್ರಾಸ್ ಪ್ರಾಂತ, ಮಧ್ಯ ಪ್ರಾಂತ ಮತ್ತು ಕೊಡಗಿಗೆ ಮಾತ್ರ ಅನ್ವಯಿಸುತ್ತಿತ್ತು. ಅಂದರೆ ಇಂದಿನ ಕರ್ನಾಟಕದ ಭಾಗಗಳಲ್ಲಿ ಮಂಗಳೂರು, ಬಳ್ಳಾರಿ ಮತ್ತು ಕೊಡಗಿನ ಜನರಿಗೆ ಮೊದಲು ಬಂತು. ನಿಮ್ಮ ಹಾವೇರಿ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದರಿಂದ ಅಲ್ಲಿಗೆ ಬಂದದ್ದು 1891ರಲ್ಲಿ. ಅದನ್ನು ಬರೆದವರ ಕಣ್ಣೆದುರು ಇದ್ದದ್ದು ಗಾಡಿ, ಕಾಲುವೆ, ಕಿಟಕಿಯ ಬೆಳಕು, ಬಾವಿಯ ನೀರು. ಒಬ್ಬನ ಜಮೀನಿನ ಪ್ರಯೋಜನಕ್ಕಾಗಿ ಇನ್ನೊಬ್ಬನ ಜಮೀನು ಎಷ್ಟು ಹೊರೆ ಹೊರಬೇಕು ಎಂಬುದೇ ಆ ಕಾಯ್ದೆಯ ಒಟ್ಟು ವಿಷಯ. ಮುಂದಿನ ಮಾತು ಸರಳವಾಗಲೆಂದು ನಿಮ್ಮ ಹೊಲವನ್ನು ಹಕ್ಕು ಪಡೆಯುವ ಜಮೀನು ಎಂದೂ, ನೆರೆಯವರದನ್ನು ಹೊರೆ ಹೊರುವ ಜಮೀನು ಎಂದೂ ಕರೆಯುತ್ತೇನೆ.

ಆದರೆ ಆ ಕಾಯ್ದೆಗೆ ಕೈಹಾಕುವ ಮೊದಲು ಒಂದು ಕಾಗದವನ್ನು ನೋಡಲೇಬೇಕು, ಅದು ಗ್ರಾಮ ನಕಾಶೆ. ನಕಾಶೆಯಲ್ಲಿ ಕಾಲುದಾರಿಯನ್ನು ಸಾಮಾನ್ಯವಾಗಿ ಒಂದು ತುಂಡುಗೆರೆಯಿಂದಲೂ ಬಂಡಿ ದಾರಿಯನ್ನು ಜೋಡಿ ತುಂಡುಗೆರೆಯಿಂದಲೂ ತೋರಿಸಿರುತ್ತಾರೆ. ಅದರ ಜೊತೆಗೆ ನೆರೆಯವರ ಸರ್ವೆ ನಂಬರಿನ ಮೂಲ ಟಿಪ್ಪಣಿ ಮತ್ತು ಆಕಾರಬಂದ್ ಎಂಬ ಸರ್ವೆ ದಾಖಲೆಗಳ ಪ್ರತಿಗಳನ್ನು ಪಡೆದು, ಅಲ್ಲಿ ಯಾವುದಾದರೂ ಗುಂಟೆ ‘ಬ’ ಖರಾಬು ಎಂದು ದಾಖಲಾಗಿದೆಯೇ ಎಂದು ಪರಿಶೀಲಿಸಿ. ‘ಅ’ ಖರಾಬು ಎಂದರೆ ಸಾಗುವಳಿಗೆ ಬಾರದ, ಆದರೆ ಹಿಡುವಳಿಗೆ ಸೇರಿದ ನೆಲ. ‘ಬ’ ಖರಾಬು ಎಂದರೆ ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ. ನಿಮ್ಮ ದಾರಿ ನಕಾಶೆಯಲ್ಲಿ ಕಂಡರೆ, ಅಥವಾ ‘ಬ’ ಖರಾಬಿನಲ್ಲಿ ಬಿದ್ದರೆ, ಈ ಚರ್ಚೆಯ ಬಹುಭಾಗ ನಿಮಗೆ ಬೇಕಾಗುವುದೇ ಇಲ್ಲ. ಅದು ಸಾರ್ವಜನಿಕ ದಾರಿ, 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸರ್ಕಾರದ ಸ್ವತ್ತು. ಅದರ ಮೇಲೆ ಬೇಲಿ ಹಾಕಿದರೆ ಅದು ಒತ್ತುವರಿಯಾಗುತ್ತದೆ, ಅದನ್ನು ತೆರವುಗೊಳಿಸುವಂತೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಎಷ್ಟೋ ಜನರು ನಕಾಶೆಯನ್ನೇ ನೋಡದೆ ನೇರವಾಗಿ ಸಿವಿಲ್ ದಾವೆ ಹೂಡಿ ವರ್ಷಗಟ್ಟಲೆ ಅಲೆಯುತ್ತಾರೆ.

ನಕಾಶೆಯಲ್ಲಿ ದಾರಿ ಇಲ್ಲ, ಅದು ಪೂರ್ತಿ ಖಾಸಗಿ ಬದು ಎಂದಾದರೆ ಆಗ ಈಸ್‌ಮೆಂಟ್ ಕಾಯ್ದೆ ಬರುತ್ತದೆ. ಇಲ್ಲಿ ಹಕ್ಕು ಹುಟ್ಟುವ ಬಗೆ ಒಂದಕ್ಕಿಂತ ಹೆಚ್ಚು, ಯಾವುದು ನಿಮ್ಮದು ಎಂದು ತೀರ್ಮಾನಿಸಿಕೊಳ್ಳುವುದು ಬಹಳ ಮುಖ್ಯ. ನಿಮ್ಮ ಹೊಲವೂ ಆ ಹೊಲವೂ ಒಂದು ಕಾಲಕ್ಕೆ ಒಂದೇ ಮನೆತನದ ಒಂದೇ ಸರ್ವೆ ನಂಬರಾಗಿದ್ದು, ವಾಟ್ನಿಯಲ್ಲೋ (ಆಸ್ತಿ ಪಾಲಿನಲ್ಲೋ) ಮಾರಾಟದಲ್ಲೋ ಎರಡಾಗಿದ್ದರೆ, ಮತ್ತು ನಿಮಗೆ ಬೇರೆ ದಾರಿಯೇ ಇಲ್ಲದಿದ್ದರೆ, 13ನೇ ಕಲಮಿನ ಅವಶ್ಯಕತೆಯ ಹಕ್ಕು ನಿಮಗೆ ಸಲ್ಲುತ್ತದೆ. ಇದಕ್ಕೆ ಇಷ್ಟು ವರ್ಷ ಓಡಾಡಿರಬೇಕೆಂಬ ಷರತ್ತಿಲ್ಲ. ಆದರೆ ಬೇರೆ ದಾರಿ ಸುತ್ತುಬಳಸಾಗುತ್ತದೆ ಎಂಬುದು ಅವಶ್ಯಕತೆಯಲ್ಲ, ಅದು ಅನುಕೂಲತೆ ಮಾತ್ರ. ಬೇರೆ ದಾರಿ ದೊರೆತ ದಿನ ಈ ಹಕ್ಕು 41ನೇ ಕಲಮಿನಂತೆ ಮುಗಿದುಹೋಗುತ್ತದೆ. ಹಳೆಯ ಖರೀದಿ ಪತ್ರದಲ್ಲಿಯೋ ವಾಟ್ನಿ ಪತ್ರದಲ್ಲಿಯೋ ದಾರಿ ಬಿಟ್ಟ ಬಗ್ಗೆ ಒಂದು ಸಾಲಿದ್ದರೆ ಅದು ಇನ್ನೂ ಬಲವಾದ ಹಕ್ಕು, ಏಕೆಂದರೆ ಬರೆದುಕೊಟ್ಟ ಹಕ್ಕು ಅವಶ್ಯಕತೆ ತೀರಿದರೂ ಅಳಿಯುವುದಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಚಕ್ಕುಬಂದಿಯ ವಿವರದಲ್ಲಿ ಯಾವುದೇ ದಿಕ್ಕಿಗೆ ‘ದಾರಿ’ ಎಂಬ ಮಾತಿದೆಯೇ ಎಂದು ಹಳೆಯ ಪತ್ರಗಳನ್ನೆಲ್ಲ ಬಿಡಿಸಿ ನೋಡಿ.

ನೀವು ಬರೆದ ವಿವರಗಳಿಂದ ತೋರುವುದು ಮೂರನೆಯದು, 15ನೇ ಕಲಮಿನ ದೀರ್ಘ ಬಳಕೆಯ ಹಕ್ಕು. ಶಾಂತಿಯಿಂದ, ಬಹಿರಂಗವಾಗಿ, ಹಕ್ಕೆಂಬಂತೆ, ತಡೆಯಿಲ್ಲದೆ ಇಪ್ಪತ್ತು ವರ್ಷ ಬಳಸಿದ ದಾರಿ ಹಕ್ಕಾಗಿ ನಿಲ್ಲುತ್ತದೆ. ಹೊರೆ ಹೊರುವ ಜಮೀನು ಸರ್ಕಾರದ್ದಾದರೆ ಮೂವತ್ತು ವರ್ಷ ಬೇಕು. ಹಕ್ಕು ಸಿದ್ಧವಾದರೆ ಅದು ಭೂಮಿಗೆ ಅಂಟಿಕೊಂಡದ್ದು, ಜಮೀನು ಕೈಬದಲಾಯಿಸಿದರೂ ಉಳಿಯುತ್ತದೆ. ಆದ್ದರಿಂದ ‘ನಮ್ಮ ಖರೀದಿ ಪತ್ರದಲ್ಲಿ ದಾರಿಯ ಮಾತೇ ಇಲ್ಲ’ ಎಂದು ಹೊಸ ಮಾಲೀಕರು ಹೇಳಿದರೆ ಅಷ್ಟಕ್ಕೇ ಹಕ್ಕು ಹೋಗುವುದಿಲ್ಲ.

ಈಗ ಟ್ರ್ಯಾಕ್ಟರಿನ ಮಾತು. ನೆರೆಯವರು ಆಧಾರವಾಗಿ ಹಿಡಿದಿರುವುದು 28ನೇ ಕಲಮಿನ ಒಂದು ಸಾಲನ್ನು ಎಂದು ತೋರುತ್ತದೆ: ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯ ದಾರಿಯ ಹಕ್ಕು ಸೇರುವುದಿಲ್ಲ. ಸಾಲು ಅಲ್ಲಿರುವುದು ನಿಜ. ಆದರೆ ಅದು ಆ ಕಲಮಿನ ಮುಖ್ಯ ನಿಯಮವಲ್ಲ, ಹಿಂಬದಿಯ ನಿಯಮ. ಮುಖ್ಯ ನಿಯಮ ಹೇಳುವುದೇನೆಂದರೆ, ಹಕ್ಕಿನ ವ್ಯಾಪ್ತಿಯನ್ನು ಉಭಯತರ ಸಂಭವನೀಯ ಉದ್ದೇಶವನ್ನೂ ಆ ಹಕ್ಕು ಯಾವ ಕೆಲಸಕ್ಕಾಗಿ ಹುಟ್ಟಿತೋ ಅದನ್ನೂ ನೋಡಿ ನಿರ್ಧರಿಸಬೇಕು. ಉದ್ದೇಶ ಏನಿತ್ತೆಂದು ತೋರಿಸುವ ಸಾಕ್ಷ್ಯ ಇಲ್ಲದಿದ್ದಾಗ ಮಾತ್ರ ‘ಒಂದು ಬಗೆಯಲ್ಲಿ ಇನ್ನೊಂದು ಸೇರದು’ ಎಂಬ ಮಾತು ಮುಂದೆ ಬರುತ್ತದೆ. ನಿಮ್ಮ ಅಜ್ಜ ಚಕ್ಕಡಿ ಹೊಡೆದದ್ದು ಏತಕ್ಕೆ? ತಿಪ್ಪೆಗೊಬ್ಬರ, ಬೀಜ, ಕುಂಟೆ-ಕೂರಿಗೆ ಒಯ್ಯಲು ಮತ್ತು ಬೆಳೆದ ಫಸಲನ್ನು ಮನೆಗೆ ತರಲು. ಉದ್ದೇಶ ಬೇಸಾಯ, ಬಗೆ ಗಾಲಿಯ ವಾಹನ. ಇಂದು ಟ್ರ್ಯಾಕ್ಟರ್ ಹೋಗುತ್ತಿರುವುದೂ ಅದೇ ಕೆಲಸಕ್ಕೆ. ಇದರ ಜೊತೆಗೆ 23ನೇ ಕಲಮನ್ನು ಓದಬೇಕು. ಹೊರೆ ಹೆಚ್ಚಿಸದೆ ಹಕ್ಕನ್ನು ಬಳಸುವ ರೀತಿಯನ್ನು ಕಾಲಕಾಲಕ್ಕೆ ಬದಲಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ, ಆದರೆ ದಾರಿಯ ಜಾಡನ್ನು ಮನಬಂದಂತೆ ಬದಲಿಸುವುದನ್ನು ನಿಷೇಧಿಸುತ್ತದೆ. ಕಾಯ್ದೆ ಬರೆದವರು ಟ್ರ್ಯಾಕ್ಟರನ್ನು ಕಂಡಿರಲಿಲ್ಲ, ಆದರೆ ಬಳಕೆಯ ರೀತಿ ಬದಲಾಗುತ್ತದೆ ಎಂಬುದನ್ನು ಬಲ್ಲವರಾಗಿದ್ದರು.

ಇದೇ ತೊಡಕು ಇಂಗ್ಲೆಂಡಿನಲ್ಲಿ ಎತ್ತಿನ ಬದಲು ಕುದುರೆಯ ವಿಷಯದಲ್ಲಿ ಬಂದಿತ್ತು. ಕುದುರೆ ಗಾಡಿಗಳ ದೀರ್ಘ ಬಳಕೆಯಿಂದ ಹುಟ್ಟಿದ ದಾರಿಯ ಹಕ್ಕಿನಲ್ಲಿ ಮೋಟಾರು ವಾಹನವೂ ಸೇರುತ್ತದೆ ಎಂದು 1939ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. ಆ ತೀರ್ಪು ನಮ್ಮ ನ್ಯಾಯಾಲಯಗಳಿಗೆ ಕಟ್ಟುಪಾಡಲ್ಲ, ಆದರೆ ನಮ್ಮ ಕಾಯ್ದೆ ಆ ನೆಲದ ಕಾನೂನಿನ ತತ್ವಗಳಿಂದಲೇ ರೂಪುಗೊಂಡದ್ದರಿಂದ ನಿಮ್ಮ ವಕೀಲರು ಅದನ್ನು ಧೈರ್ಯವಾಗಿ ಮುಂದಿಡಬಹುದು.

ಈ ವಾದಕ್ಕೆ ಮಿತಿಯೂ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಅಲ್ಲಿದ್ದದ್ದು ತಲೆಹೊರೆಯ ಕಾಲುದಾರಿಯೋ ದನ ಹೊಡೆದುಕೊಂಡು ಹೋಗುವ ದಾರಿಯೋ ಆಗಿದ್ದರೆ ಟ್ರ್ಯಾಕ್ಟರಿಗೆ ಹಕ್ಕಿಲ್ಲ. ಟ್ರ್ಯಾಕ್ಟರಿನ ಹದಿನೈದು ವರ್ಷದ ಓಡಾಟ ಒಂದೇ ನಿಮ್ಮ ಆಧಾರವಾದರೆ ಇಪ್ಪತ್ತು ತುಂಬುವುದಿಲ್ಲ, ಆದ್ದರಿಂದ ಅದಕ್ಕೂ ಹಿಂದಿನ ಚಕ್ಕಡಿಯ ಓಡಾಟವೇ ನಿಮ್ಮ ದಾವೆಯ ಬುಡ. ಚಕ್ಕಡಿಯ ಅಗಲಕ್ಕಿಂತ ಬಹಳ ಅಗಲವಾದ ಕೊಯ್ಲು ಯಂತ್ರಕ್ಕಾಗಿ ಅಡಿಕೆ ಸಾಲನ್ನೇ ಕೀಳಿಸಬೇಕೆಂದರೆ ಅದು ಹೊರೆಯನ್ನು ಹೆಚ್ಚಿಸಿದಂತೆ, 23ನೇ ಕಲಮು ಅದನ್ನು ತಡೆಯುತ್ತದೆ. ಹೊಲವನ್ನು ಬಿನ್‌ಶೇತ್ಕಿ (ಕೃಷಿಯೇತರ) ಮಾಡಿಸಿ ಲೇಔಟ್ ಹಾಕಿದರೆ, ಗೋದಾಮು ಕಟ್ಟಿ ದಿನವೂ ಲಾರಿ ಓಡಿಸಿದರೆ, 43ನೇ ಕಲಮಿನಂತೆ ಹಕ್ಕೇ ಅಳಿದುಹೋಗುವ ಅಪಾಯವಿದೆ. ನೀರಿನ ಪೈಪು ಹೂಳುವುದಂತೂ ಬೇರೆಯೇ ಹಕ್ಕು, ದಾರಿಯ ಹಕ್ಕಿನೊಳಗೆ ಅದು ತಾನಾಗಿ ಸೇರುವುದಿಲ್ಲ. ಕೆಸರಾದ ಜಾಡಿಗೆ ಮೊರಂ ಹಾಕಿಸುವ ಅವಕಾಶ 24ನೇ ಕಲಮಿನಲ್ಲಿ ನಿಮಗಿದೆ, ಆದರೆ ಖರ್ಚು ನಿಮ್ಮದು, ನೆರೆಯವರಿಗೆ ಆದಷ್ಟು ಕಡಿಮೆ ತೊಂದರೆಯಾಗುವಂತೆ ಮಾಡಬೇಕು. ಗೇಟು ಹಾಕುವುದೇ ತಪ್ಪೆಂದೂ ಹೇಳಲಾಗದು. ಸಸಿಗಳನ್ನು ದನಗಳಿಂದ ಕಾಪಾಡಿಕೊಳ್ಳುವುದು ಅವರ ಹಕ್ಕು. ನಿಮ್ಮ ವಾಹನ ಹಾಯುವಷ್ಟು ಅಗಲದ, ಬೇಕೆಂದಾಗ ತೆರೆಯಬಲ್ಲ ಗೇಟಾಗಿದ್ದರೆ ಅದನ್ನು ಒಪ್ಪಿಕೊಳ್ಳುವುದೇ ವಿವೇಕ.

ಹಳ್ಳಿಯ ಜೀವನಕ್ಕೂ ಈ ಕಾಯ್ದೆಗೂ ನಿಜವಾದ ಘರ್ಷಣೆ ಇರುವುದು ಟ್ರ್ಯಾಕ್ಟರಿನಲ್ಲಲ್ಲ ಎಂದು ನನಗನ್ನಿಸುತ್ತದೆ. ಅದು ಇರುವುದು ‘ಹಕ್ಕೆಂಬಂತೆ’ ಎಂಬ ಷರತ್ತಿನಲ್ಲಿ. ನಮ್ಮ ಊರುಗಳಲ್ಲಿ ಒಬ್ಬರ ಹೊಲದಲ್ಲಿ ಇನ್ನೊಬ್ಬರು ಹಾಯ್ದುಹೋಗುವುದು ಮಾತಿನ ಮೇಲೆ, ಮರ್ಯಾದೆಯ ಮೇಲೆ ನಡೆದುಬಂದದ್ದು. ‘ಕಾಕಾ, ನಾಳೆ ಗೊಬ್ಬರದ ಚಕ್ಕಡಿ ಹೊಡೀತೀವಿ’ ಎಂದು ಹೇಳಿ ಹೋಗುವುದು, ‘ಹೊಡ್ಕೊಂಡು ಹೋಗಪಾ, ಬೆಳಿ ನೋಡಿಕೊಂಡು ಹೋಗು’ ಎಂದು ಅವರು ಅನ್ನುವುದು ಒಳ್ಳೆಯ ನೆರೆಹೊರೆಯ ಲಕ್ಷಣ. ಕಾಯ್ದೆ ಇದನ್ನು ಅನುಮತಿ ಎಂದು ಓದುತ್ತದೆ. ಅನುಮತಿಯಿಂದ ನಡೆದ ಓಡಾಟ ನೂರು ವರ್ಷವಾದರೂ ದೀರ್ಘ ಬಳಕೆಯ ಹಕ್ಕಾಗುವುದಿಲ್ಲ. 59ನೇ ಕಲಮಿನ ಪ್ರಕಾರ, ಅನುಮತಿ ಕೊಟ್ಟವನು ಜಮೀನು ಮಾರಿದರೆ ಕೊಂಡವನು ಆ ಅನುಮತಿಗೆ ಬದ್ಧನೂ ಅಲ್ಲ. ಹೀಗೆ ಸೌಜನ್ಯದಿಂದ ಕೇಳಿ ನಡೆದವನು ಹಕ್ಕು ಕಳೆದುಕೊಳ್ಳುತ್ತಾನೆ, ಯಾರನ್ನೂ ಕೇಳದೆ ನಡೆದವನು ಗಳಿಸುತ್ತಾನೆ. ಜಮೀನುಗಳು ತಲೆಮಾರುಗಟ್ಟಲೆ ಅದೇ ಮನೆತನಗಳಲ್ಲಿ ಉಳಿಯುತ್ತಿದ್ದಾಗ ಇದು ತೊಂದರೆ ಕೊಡಲಿಲ್ಲ. ಊರಿನ ಪರಿಚಯವೇ ಇಲ್ಲದವರು ಜಮೀನು ಕೊಳ್ಳುವ ಈ ಕಾಲದಲ್ಲಿ ಅದು ಕ್ರೂರವಾಗಿ ಪರಿಣಮಿಸುತ್ತಿದೆ. ನಿಮ್ಮ ತಂದೆಯವರನ್ನು ಪಾಟೀ ಸವಾಲಿನಲ್ಲಿ ಮೊದಲು ಕೇಳುವ ಪ್ರಶ್ನೆಯೇ ‘ನೀವು ಅವರನ್ನು ಕೇಳಿ ಹೋಗುತ್ತಿದ್ದಿರಲ್ಲವೇ?’ ಎಂಬುದಾಗಿರುತ್ತದೆ. ಅವರು ಸತ್ಯವನ್ನೇ ಹೇಳಬೇಕು. ಆದರೆ ಹೊಲಕ್ಕೆ ಹೋಗುವಾಗ ಮಾತಾಡಿಸಿ ಹೋಗುವುದು ಬೇರೆ, ಅವರು ಒಲ್ಲೆ ಎಂದರೆ ನಿಲ್ಲಬೇಕಾಗಿತ್ತು ಎಂದು ತಿಳಿದು ಅಪ್ಪಣೆ ಕೇಳುವುದು ಬೇರೆ ಎಂಬ ಅಂತರವನ್ನು ನಿಮ್ಮ ವಕೀಲರು ಅವರಿಗೆ ಮೊದಲೇ ತಿಳಿಸಿ, ನಿಜವಾಗಿ ನಡೆದದ್ದು ಯಾವುದು ಎಂದು ಕೇಳಿ ತಿಳಿಯಬೇಕು.

ಇಲ್ಲಿಗೆ ನಿಮ್ಮ ಎರಡನೆಯ ಪ್ರಶ್ನೆಗೆ ಬರಬಹುದು. ಹಳೆಯದೆಂಬ ಒಂದೇ ಕಾರಣಕ್ಕೆ ಈ ಕಾಯ್ದೆಯನ್ನು ರದ್ದುಪಡಿಸುವುದಕ್ಕೆ ನನ್ನ ಸಮ್ಮತಿಯಿಲ್ಲ. ಅಳತೆಗೋಲನ್ನು ಕೊಡುವ ಕಾನೂನು ಬಾಳುತ್ತದೆ, ಒಂದು ಕಾಲದ ವಾಸ್ತವವನ್ನೇ ಶಾಶ್ವತವೆಂದು ನಂಬಿ ಬರೆದ ಕಾನೂನು ಕೆಡುತ್ತದೆ. ದಾರಿಯ ವಿಷಯದಲ್ಲಿ ಕಾಯ್ದೆ ಕೊಟ್ಟದ್ದು ‘ಹೊರೆ ಹೆಚ್ಚಾಯಿತೇ’ ಎಂಬ ಅಳತೆಗೋಲನ್ನು. ಅದು ಚಕ್ಕಡಿಗೂ ಸರಿ, ಟ್ರ್ಯಾಕ್ಟರಿಗೂ ಸರಿ, ನಾಳೆ ಬರುವ ವಾಹನಕ್ಕೂ ಸರಿ. ಈ ಬಗೆಯ ಲೆಕ್ಕಾಚಾರ ಬಹಳ ಪುರಾತನವಾದದ್ದು. ಕ್ರಿಸ್ತಪೂರ್ವ ಐದನೆಯ ಶತಮಾನದ ರೋಮಿನ ಹನ್ನೆರಡು ಫಲಕಗಳ ಶಾಸನ ಗಾಡಿ ದಾರಿ ನೇರವಿರುವಲ್ಲಿ 8 ಅಡಿ, ತಿರುವಿನಲ್ಲಿ 16 ಅಡಿ ಅಗಲವಿರಬೇಕೆಂದು ಹೇಳಿತ್ತು. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹೊಲದ ಮೂಲೆಯಲ್ಲಿ ತಿರುಗಿಸಿ ಬಲ್ಲವರಿಗೆ ಆ ಎರಡನೆಯ ಅಂಕಿಯ ಅರ್ಥ ಕೂಡಲೇ ಹೊಳೆಯುತ್ತದೆ. ನಮ್ಮ 1882ರ ಕಾಯ್ದೆ ಅಗಲವನ್ನು ಹೇಳುವುದೇ ಇಲ್ಲ, ಅದೊಂದು ಕೊರತೆ.

ಅದೇ ಕಾಯ್ದೆ ನೀರಿನ ವಿಷಯದಲ್ಲಿ ಎಡವಿದ್ದನ್ನು ನೋಡಿ. ನಿರ್ದಿಷ್ಟ ಹರಿವಿನಲ್ಲಿಲ್ಲದ ಅಂತರ್ಜಲವನ್ನು ತನ್ನ ಜಮೀನಿನ ಎಲ್ಲೆಯೊಳಗೆ ಎತ್ತಿಕೊಂಡು ವಿಲೇವಾರಿ ಮಾಡುವುದು ಪ್ರತಿಯೊಬ್ಬ ಮಾಲೀಕನ ಹಕ್ಕು ಎಂದು 7ನೇ ಕಲಮಿನ ಉದಾಹರಣೆಯೊಂದು ಹೇಳುತ್ತದೆ. ಕಪಿಲೆ ಹೊಡೆದು ನೀರೆತ್ತುವ ಕಾಲದಲ್ಲಿ ಈ ಮಾತಿನಿಂದ ಹಾನಿಯಿರಲಿಲ್ಲ, ಎತ್ತುಗಳ ಶಕ್ತಿಯೇ ಅದಕ್ಕೆ ಮಿತಿ ಹಾಕುತ್ತಿತ್ತು. ನೂರಾರು ಅಡಿ ಆಳದ ಕೊಳವೆಬಾವಿಗೆ ಅಂಥ ಮಿತಿಯಿಲ್ಲ. ಒಬ್ಬನ ಹೊಸ ಬೋರ್ ನೆರೆಯವನ ತೆರೆದ ಬಾವಿಯನ್ನು ಒಣಗಿಸಿದರೂ ಕಾಯ್ದೆ ಅದನ್ನು ಹಕ್ಕೆಂದೇ ಕರೆಯುತ್ತದೆ. ಇಲ್ಲಿ ಅಳತೆಗೋಲು ಇರಲಿಲ್ಲ, ಕೇವಲ ಒಂದು ನಂಬಿಕೆಯಿತ್ತು. ಆ ನಂಬಿಕೆ ಸುಳ್ಳಾದಾಗ ವ್ಯಾಖ್ಯಾನದಿಂದ ಸರಿಪಡಿಸಲು ಎಡೆಯೇ ಉಳಿಯಲಿಲ್ಲ. ಕರ್ನಾಟಕ 2011ರಲ್ಲಿ ಅಂತರ್ಜಲ ನಿಯಂತ್ರಣಕ್ಕೆ ಪ್ರತ್ಯೇಕ ಕಾಯ್ದೆ ತಂದು, ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿಗೆ ಅನುಮತಿ ಕಡ್ಡಾಯ ಮಾಡಬೇಕಾಯಿತು. ಹೊಸ ಶಾಸನ ನಿಜವಾಗಿ ಬೇಕಾದದ್ದು ಇಂಥ ಕಡೆ.

ದಾರಿಯ ವಿಷಯದಲ್ಲಿ ಹೊಸದಾಗಿ ಸೇರಬೇಕಾದದ್ದು ಒಂದಿದೆ, ಅದನ್ನು ಒತ್ತಿ ಹೇಳಬಯಸುತ್ತೇನೆ. ಸುತ್ತಲೂ ಬೇರೆಯವರ ಹೊಲ, ಹಿಂದೆಂದೂ ಒಂದೇ ಮನೆತನದ ಸ್ವತ್ತಾಗಿರಲಿಲ್ಲ, ಇಪ್ಪತ್ತು ವರ್ಷದ ಬಳಕೆಗೆ ಸಾಕ್ಷ್ಯವಿಲ್ಲ, ಬರೆದುಕೊಟ್ಟ ಪತ್ರವೂ ಇಲ್ಲ ಎನ್ನುವ ರೈತನಿಗೆ ಈಸ್‌ಮೆಂಟ್ ಕಾಯ್ದೆ ಏನನ್ನೂ ಕೊಡುವುದಿಲ್ಲ. ಫ್ರಾನ್ಸಿನ ಸಿವಿಲ್ ಸಂಹಿತೆಯ 682ನೇ ವಿಧಿ ಇಂಥವನಿಗೆ ನೆರೆಯವನ ಜಮೀನಿನ ಮೂಲಕ ದಾರಿ ಕೇಳುವ ಹಕ್ಕು ಕೊಟ್ಟು, ಆಗುವ ನಷ್ಟಕ್ಕೆ ತಕ್ಕ ಪರಿಹಾರ ಕೊಡುವ ಹೊಣೆಯನ್ನೂ ಹೊರಿಸುತ್ತದೆ. ನೆರೆಯ ಮಹಾರಾಷ್ಟ್ರದಲ್ಲಿ 1966ರ ಭೂ ಕಂದಾಯ ಸಂಹಿತೆಯ 143ನೇ ಕಲಮು ಸರ್ವೆ ನಂಬರುಗಳ ಬದುವಿನ ಮೇಲಿನ ದಾರಿಯ ಕೋರಿಕೆಯನ್ನು ತಹಶೀಲ್ದಾರರೇ ವಿಚಾರಿಸಿ ತೀರ್ಮಾನಿಸಲು ಅಧಿಕಾರ ಕೊಟ್ಟಿದೆ. ಪರಿಹಾರ ಕೊಟ್ಟು, ಅಗಲ ನಿಗದಿಪಡಿಸಿ, ತಾಲ್ಲೂಕು ಮಟ್ಟದಲ್ಲೇ ದಾರಿ ಪಡೆಯುವ ಹಕ್ಕು ನಮ್ಮ ರೈತರಿಗೂ ಶಾಸನದ ಮೂಲಕ ಬರಬೇಕು. ಹೊಲಗಳು ಪಾಲಾಗಿ ಪಾಲಾಗಿ ಒಂದೆರಡು ಎಕರೆಗೆ ಇಳಿದಿರುವಾಗ, ದಾರಿಯಿಲ್ಲದ ತುಂಡುಗಳು ಪ್ರತಿ ವಾಟ್ನಿಯಲ್ಲೂ ಹೊಸದಾಗಿ ಹುಟ್ಟುತ್ತಿವೆ. ಹೆಸರು, ಕಲಮಿನ ಸಂಖ್ಯೆ ಬದಲಿಸುವುದೇ ಸುಧಾರಣೆಯಲ್ಲ. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ದಾರಿ ಮತ್ತು ನೀರಿನ ಬಳಕೆಯ ತಂಟೆಗಳಿಗೆ ಸಂಬಂಧಿಸಿದ ಹಳೆಯ 147ನೇ ಕಲಮು ಅಲ್ಲಿ 166 ಆಗಿದೆ, ಒಳಗಿನ ತಿರುಳು ಬಹುಮಟ್ಟಿಗೆ ಅದೇ.

ಆ 166ನೇ ಕಲಮು ನಿಮಗೆ ಈಗಲೇ ಬೇಕಾಗಬಹುದು. ದಾರಿಯ ತಂಟೆಯಿಂದ ಶಾಂತಿಭಂಗವಾಗುವ ಸಂಭವವಿದ್ದರೆ, ತಾಲ್ಲೂಕು ದಂಡಾಧಿಕಾರಿಗಳೂ ಆಗಿರುವ ತಹಶೀಲ್ದಾರರು ಉಭಯತರನ್ನು ಕರೆಸಿ ವಿಚಾರಿಸಿ, ದಾರಿಗೆ ಅಡ್ಡಿ ಮಾಡದಂತೆ ಆದೇಶಿಸಬಹುದು. ಆದರೆ ಅರ್ಜಿಗೆ ಹಿಂದಿನ ಮೂರು ತಿಂಗಳೊಳಗೆ ಆ ದಾರಿಯನ್ನು ನೀವು ಬಳಸಿರಬೇಕು. ಹಂಗಾಮಿನಲ್ಲಿ ಮಾತ್ರ ಬಳಸುವ ಹಕ್ಕಾದರೆ ಕಳೆದ ಹಂಗಾಮಿನಲ್ಲಿ ಬಳಸಿರಬೇಕು. ಸುಗ್ಗಿಯವರೆಗೆ ನಿಮ್ಮ ಟ್ರ್ಯಾಕ್ಟರ್ ಹೋಗಿದೆ ಎಂದಾದರೆ ಇದಕ್ಕೆ ಇನ್ನೂ ಅವಕಾಶವಿರಬಹುದು, ಬಿತ್ತನೆ ದಾಟುವವರೆಗೆ ಕಾಯಬೇಡಿ. ಈ ಆದೇಶ ಸಿವಿಲ್ ನ್ಯಾಯಾಲಯದ ತೀರ್ಮಾನಕ್ಕೆ ಒಳಪಟ್ಟದ್ದು, ಹಕ್ಕನ್ನು ಕಾಯಂ ಆಗಿ ಇದು ನಿರ್ಧರಿಸುವುದಿಲ್ಲ.

ಸಿವಿಲ್ ದಾವೆಯ ಮಾತಿಗೆ ಬಂದರೆ, ವಾದಪತ್ರವನ್ನು ಬರೆಸುವಾಗ ನೀವೇ ಎದುರು ಕುಳಿತು ಬರೆಸಿ. ದಾರಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಎಷ್ಟು ಅಡಿ ಅಗಲ, ಯಾವ ಬದುವಿನ ಯಾವ ಮಗ್ಗುಲು, ಯಾರು ಯಾವ ಕಾಲದಿಂದ ಯಾವ ವಾಹನದಲ್ಲಿ ಏತಕ್ಕಾಗಿ ಹೋಗುತ್ತಿದ್ದರು ಎಂಬುದೆಲ್ಲ ಅದರಲ್ಲಿ ಇರಬೇಕು. ‘ಅನೇಕ ವರ್ಷಗಳಿಂದ ಬಳಸುತ್ತಿದ್ದೇವೆ’ ಎಂದಷ್ಟೇ ಬರೆದರೆ ಅದು ಇಪ್ಪತ್ತು ವರ್ಷವೆಂದಾಗುವುದಿಲ್ಲ ಎಂದು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ದಾರಿಯ ಮೊಕದ್ದಮೆಯಲ್ಲಿ ಹೇಳಿದೆ. ಸ್ವಂತ ತಿಳಿವಳಿಕೆಯಿಲ್ಲದ ಮುಖ್ತಿಯಾರನ (ಬೇರೊಬ್ಬರ ಪರವಾಗಿ ಅಧಿಕಾರ ಪತ್ರ ಪಡೆದವನ) ಸಾಕ್ಷ್ಯವನ್ನೂ ಅದೇ ತೀರ್ಪು ಒಪ್ಪಲಿಲ್ಲ. ಇದು ನಿಮಗೆ ನೇರವಾಗಿ ತಾಗುವ ಮಾತು. ತಂದೆಯವರಿಂದ ಮುಖ್ತಿಯಾರ್ ಪತ್ರ ಬರೆಸಿಕೊಂಡು ಬೆಂಗಳೂರಿನಿಂದ ಬಂದು ನೀವೇ ಸಾಕ್ಷಿ ಹೇಳಿದರೆ, ನೀವು ಕಣ್ಣಾರೆ ಕಾಣದ ವರ್ಷಗಳ ಬಗ್ಗೆ ನಿಮ್ಮ ಮಾತಿಗೆ ಬೆಲೆಯಿಲ್ಲ. ತಂದೆಯವರೇ ಸಾಕ್ಷಿ ಕಟ್ಟೆಗೆ ಬರಬೇಕು. ಜೊತೆಗೆ ಆ ಹೊಲದ ಹಿಂದಿನ ಮಾಲೀಕರ ಮನೆಯವರೋ, ಅಕ್ಕಪಕ್ಕದ ಹೊಲದ ಹಿರಿಯರೋ, ಚಕ್ಕಡಿ ಹೊಡೆದ ಆಳುಮಕ್ಕಳೋ ಬಂದರೆ ಇನ್ನೂ ಒಳ್ಳೆಯದು. ತಂದೆಯವರ ವಯಸ್ಸಿನ ಕಾರಣಕ್ಕೆ ಅವರ ಹೇಳಿಕೆಯನ್ನು ಬೇಗ ದಾಖಲಿಸಿಕೊಳ್ಳುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 16ನೇ ನಿಯಮದಡಿ ಅರ್ಜಿ ಹಾಕಬಹುದು. 26ನೇ ಆದೇಶದಡಿ ಕೋರ್ಟ್ ಕಮಿಷನರರನ್ನು ನೇಮಿಸಿ, ಬೇಲಿಯೊಳಗೆ ಇನ್ನೂ ಉಳಿದಿರುವ ಗಾಲಿಯ ಜಾಡನ್ನು ಅಳೆದು ನಕ್ಷೆ ಮಾಡಿಸುವಂತೆ ಮೊದಲ ಹಂತದಲ್ಲೇ ಕೇಳಿ, ಏಕೆಂದರೆ ಎರಡು ಮಳೆಗಾಲ ಕಳೆದರೆ ಕರಿಮಣ್ಣಿನಲ್ಲಿ ಆ ಜಾಡು ಉಳಿಯುವುದಿಲ್ಲ.

ಹಳೆಯ ಕಾಯ್ದೆಗೆ ಹೊಸ ಕಾಲ ಕೊಟ್ಟ ನೆರವು ಸಾಕ್ಷ್ಯದಲ್ಲಿದೆ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನು ತೆಗೆದು ನೋಡಿದರೆ, ಓಡಾಟವಿರುವ ಬಂಡಿ ದಾರಿ ಹಸಿರು ಹೊಲಗಳ ನಡುವೆ ತೆಳುಬಣ್ಣದ ಗೆರೆಯಾಗಿ ಕಾಣುವುದುಂಟು. ಅವುಗಳನ್ನೂ, ಮೊಬೈಲಿನಲ್ಲಿರುವ ಹಳೆಯ ಸುಗ್ಗಿಯ ಫೋಟೊಗಳನ್ನೂ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದೊಂದಿಗೆ ಹಾಜರುಪಡಿಸಬಹುದು. ಚಿತ್ರ ತೋರಿಸುವುದು ದಾರಿ ಇತ್ತೆಂಬುದನ್ನು ಮಾತ್ರ. ಅದರಲ್ಲಿ ನೀವು ಹಕ್ಕಿನಿಂದ ಹೋದಿರೋ ಅಪ್ಪಣೆಯಿಂದ ಹೋದಿರೋ ಎಂಬುದನ್ನು ಹಿರಿಯರ ಬಾಯಿಂದಲೇ ಹೇಳಿಸಬೇಕು.

ದಾವೆಗೆ ಮೊದಲು ಒಮ್ಮೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್‌ಗೆ ನೆರೆಯವರನ್ನು ಕರೆಸಿ ನೋಡಿ. ಅಲ್ಲಿ ಆದ ರಾಜಿಗೆ ಸಿವಿಲ್ ಡಿಕ್ರಿಯ ಬಲವಿರುತ್ತದೆ. ಪರಸ್ಪರ ಒಪ್ಪಿ ಪತ್ರ ಮಾಡಿಕೊಳ್ಳುವುದಾದರೆ ಅದನ್ನು ಛಾಪಾ ಕಾಗದದ ಮೇಲೆ ಬರೆದು ಮನೆಯಲ್ಲಿಟ್ಟುಕೊಳ್ಳಬೇಡಿ. ಸ್ಥಿರಾಸ್ತಿಯ ಮೇಲೆ ನೂರು ರೂಪಾಯಿಗೂ ಮೀರಿದ ಮೌಲ್ಯದ ಹಕ್ಕನ್ನು ಹುಟ್ಟಿಸುವ ಪತ್ರಕ್ಕೆ 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ನೋಂದಣಿ ಕಡ್ಡಾಯ. ಅದರಲ್ಲಿ ಅಗಲವನ್ನು ಅಡಿಗಳಲ್ಲಿ, ತಿರುವಿನ ಕಡೆ ಬೇಕಾದ ಹೆಚ್ಚಿನ ಜಾಗವನ್ನು ಪ್ರತ್ಯೇಕವಾಗಿ ಬರೆಸಿ. ‘ಟ್ರ್ಯಾಕ್ಟರ್’ ಎಂದಷ್ಟೇ ಬರೆಸದೆ ‘ಈ ಅಗಲದೊಳಗೆ ಹಾಯಬಲ್ಲ, ಕೃಷಿ ಕೆಲಸಕ್ಕೆ ಬಳಸುವ ಎಲ್ಲ ವಾಹನ ಮತ್ತು ಯಂತ್ರ’ ಎಂದು ಬರೆಸಿದರೆ ನಿಮ್ಮ ಮಕ್ಕಳು ಇದೇ ಪ್ರಶ್ನೆಯನ್ನು ಮತ್ತೆ ಕೇಳಬೇಕಾಗುವುದಿಲ್ಲ. ಪೈಪಿಗೆ, ವಿದ್ಯುತ್ ತಂತಿಗೆ ಜಾಗ ಬೇಕಿದ್ದರೆ ಅದೇ ಪತ್ರದಲ್ಲಿ ಬೇರೆ ಕಲಮಾಗಿ ಸೇರಿಸಿ, ದುರಸ್ತಿಯ ಖರ್ಚು ಯಾರದೆಂಬುದನ್ನೂ ಕಾಣಿಸಿ. ಅವರ ನಾಲ್ಕಾರು ಸಸಿ ಹೋಗುವುದಾದರೆ ಅದಕ್ಕೆ ಹಣ ಕೊಡಲು ಹಿಂಜರಿಯಬೇಡಿ, ಕಾನೂನು ಇದನ್ನು ಕಡ್ಡಾಯ ಮಾಡದಿದ್ದರೂ ನ್ಯಾಯ ಅದನ್ನು ಕೇಳುತ್ತದೆ.

ರಾಜಿಯ ಮಾತುಕತೆ ನಡೆಯುತ್ತಿದೆ ಎಂದು ದಿನ ದೂಡಬೇಡಿ. 15ನೇ ಕಲಮಿನ ವಿವರಣೆಯಂತೆ ಅಡ್ಡಿಯಾದದ್ದು ಗೊತ್ತಾದ ಮೇಲೆ ಒಂದು ವರ್ಷ ಸುಮ್ಮನಿದ್ದರೆ ನಿಮ್ಮ ಬಳಕೆ ತುಂಡಾಯಿತೆಂದು ಎಣಿಸಲಾಗುತ್ತದೆ. ಮೇಲಾಗಿ, ನೀವು ಆಧಾರವಾಗಿಟ್ಟುಕೊಳ್ಳುವ ಇಪ್ಪತ್ತು ವರ್ಷಗಳು ದಾವೆ ಹೂಡುವುದಕ್ಕೆ ಹಿಂದಿನ ಎರಡು ವರ್ಷಗಳೊಳಗೆ ಕೊನೆಗೊಂಡಿರಬೇಕು. ಬೇಲಿ ಹಾಕಿದ ದಿನಾಂಕವನ್ನು ತಂದೆಯವರಿಂದ ಕೇಳಿ ಬರೆದಿಟ್ಟುಕೊಳ್ಳಿ, ಈ ವಾರವೇ ವಕೀಲರ ಮೂಲಕ ಆಕ್ಷೇಪಣೆಯ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ಅದರ ರಸೀದಿಯನ್ನು ಜೋಪಾನವಾಗಿಡಿ, ಮತ್ತು ಆ ದಿನಾಂಕದಿಂದ ವರ್ಷ ತುಂಬುವುದರೊಳಗೆ ಒಪ್ಪಂದ ನೋಂದಣಿಯಾಗದಿದ್ದರೆ ದಾವೆ ದಾಖಲಾಗಿರುವಂತೆ ನೋಡಿಕೊಳ್ಳಿ.